ಕೊಪ್ಪಳದ ಟಿಕೆಟ್ಟು

ಈಜು ಬಾರದವನಷ್ಟು ಚೆನ್ನಾಗಿ ಈಜು ಕಲಿಸುವವರು ಇನ್ನೊಬ್ಬರಿಲ್ಲ. ಈಜು ಬಲ್ಲವನು ನೀರಿಗೆ ಬಿದ್ದು ಆಚೆ ದಡ ಸೇರಿಬಿಡುತ್ತಾನೆ. ಕಲಿಸುವುದಕ್ಕೆ ಅವನಿಗೆ ಪುರಸತ್ತೆಲ್ಲಿ? ಧೋತರ ನೆನೆಯದಂತೆ ದಡದ ಮೇಲೆ ನಿಂತು, ಕೈ ಹೀಗೆ ಬಡಿ, ಕಾಲು ಹಾಗೆ ಜಾಡಿಸು ಎಂದು ಸಾವಧಾನವಾಗಿ ಹೇಳಬೇಕಾದರೆ ನೀರು ಕಂಡರೆ ಜೀವ ಹಾರುವವನೇ ಬೇಕು. ಇದನ್ನು ನಾನು ಯಾರನ್ನೋ ಹಂಗಿಸಲು ಹೇಳುತ್ತಿಲ್ಲ. ನಾನೇ ಅಂಥ ಗುರುವಾಗಿದ್ದೆ. ಕಲಿಸುತ್ತಿದ್ದುದು ಮಾತ್ರ ಈಜಲ್ಲ, ರೈಲು ಪ್ರಯಾಣ. ಅದರಲ್ಲೂ ಪರದೇಶದ ರೈಲು ಪ್ರಯಾಣ. ಈಗ ಹಲ್ಲೆಲ್ಲ ಉದುರಿವೆ. ಸುಳ್ಳು ಹೇಳಹೋದರೆ ಗಾಳಿಯಷ್ಟೇ ಹೊರಗೆ ಬರುತ್ತದೆ. ಆದ್ದರಿಂದ ನಿಜ ಹೇಳಿ ಹಗುರಾಗುವುದು ಲೇಸೆಂದು ಕುಳಿತಿದ್ದೇನೆ.

ನಮ್ಮೂರು ಸಿರುಗುಪ್ಪ. ಹೈಸ್ಕೂಲು ಮುಗಿಸಿ ಬಳ್ಳಾರಿಯ ಒಂದು ಹತ್ತಿ ಬಿಡಿಸುವ ಜಿನ್ನಿನಲ್ಲಿ ಗುಮಾಸ್ತನಾಗಿ ಸೇರಿ, ರೈಲು ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಒಂದು ಸಣ್ಣ ಮನೆ ಹಿಡಿದಿದ್ದೆ. ಇದು ನಲವತ್ತರ ದಶಕದ ಮಾತು. ಆಗ ಸಿರುಗುಪ್ಪಕ್ಕೂ ರೈಲಿರಲಿಲ್ಲ, ನನ್ನ ಸೋದರಮಾವನ ಊರಾದ ಕುರುಗೋಡಿಗೂ ಇರಲಿಲ್ಲ. ಆ ಕಡೆಯ ನೆಂಟರು ಎಲ್ಲಿಗಾದರೂ ರೈಲಿನಲ್ಲಿ ಹೋಗಬೇಕಾದರೆ ಹಿಂದಿನ ದಿನವೇ ಬಂದು ನಮ್ಮ ಮನೆಯಲ್ಲಿ ಉಳಿಯುತ್ತಿದ್ದರು. ಗುಡಿಯ ಹಿಂದೆ ಮನೆ ಇದ್ದವನನ್ನು ಜನ ಭಕ್ತನೆಂದು ತಿಳಿಯುವ ಹಾಗೆ ಸ್ಟೇಷನ್ನಿನ ಹಿಂದೆ ಮನೆ ಇದ್ದ ನನ್ನನ್ನು ಅವರು ರೈಲಿನ ವಿಷಯ ಬಲ್ಲವನೆಂದು ತಿಳಿದರು. ನಾನು ತಿದ್ದಲಿಲ್ಲ. ಎಂಜಿನ್ನಿಗೆ ಬೆನ್ನು ಮಾಡಿ ಕೂಡಬೇಕು, ಇಲ್ಲದಿದ್ದರೆ ಕಣ್ಣಿಗೆ ಕೆಂಡ ಬೀಳುತ್ತದೆ. ಪಕ್ಕದವನು ಕೊಟ್ಟ ಎಲೆ ಅಡಿಕೆ ಹಾಕಿಕೊಳ್ಳಬಾರದು, ಅವನಿಗೂ ಕೊಡಬಾರದು. ಸೇತುವೆ ಬಂದಾಗ ಉಸಿರು ಬಿಗಿಹಿಡಿದರೆ ಗಾಡಿಯ ಭಾರ ಕಡಿಮೆಯಾಗುತ್ತದೆ ಎಂದೆಲ್ಲ ಪಾಠ ಹೇಳುತ್ತಿದ್ದೆ. ನನ್ನ ಪಾಠ ಕೇಳಿದ ಮೇಲೆ ರೈಲು ಹತ್ತದೆ ಬೆಳಿಗ್ಗೆ ಎತ್ತಿನ ಗಾಡಿ ಕಟ್ಟಿಸಿಕೊಂಡು ಊರಿಗೆ ಮರಳಿದವರೂ ಇದ್ದರು. ಅವರನ್ನು ನಾನು ಜಾಣ ಶಿಷ್ಯರ ಲೆಕ್ಕಕ್ಕೆ ಸೇರಿಸುತ್ತಿದ್ದೆ. ಸ್ವತಃ ನನ್ನ ಅನುಭವವೆಂದರೆ ಒಮ್ಮೆ ಗುಂತಕಲ್ಲಿಗೆ ಹೋಗಿ ಬಂದದ್ದು. ಹೋಗುವಾಗ ಹಿಡಿದ ಕಿಟಕಿಯ ಸರಳನ್ನು ಗುಂತಕಲ್ಲಿನಲ್ಲೂ ಬಿಡದೆ, ಅದೇ ಡಬ್ಬಿಯಲ್ಲಿ ಕುಳಿತು ವಾಪಸು ಬಂದಿದ್ದೆ.

ಪರದೇಶವೆಂದರೆ ಇಂಗ್ಲೆಂಡು, ಜಪಾನು ಎಂದುಕೊಳ್ಳಬೇಡಿ. ನಾವಿದ್ದುದು ಮದರಾಸು ಪ್ರಾಂತ್ಯದಲ್ಲಿ. ಹೊಸಪೇಟೆ ಬಿಟ್ಟು ತುಂಗಭದ್ರೆಯ ಸೇತುವೆ ದಾಟಿದರೆ ನಿಜಾಮರ ಸೀಮೆ. ನಮ್ಮ ಹಿರಿಯರ ಬಾಯಲ್ಲಿ ಅದು ಮೊಗಲಾಯಿ. ಅಲ್ಲಿನ ನಾಣ್ಯ ಬೇರೆ, ಅಂಚೆಚೀಟಿ ಬೇರೆ, ಪೊಲೀಸರ ಟೋಪಿ ಬೇರೆ. ಗಡಿ ದಾಟಿ ಬರುವ ಸಾಮಾನಿಗೆ ಸುಂಕ ಎತ್ತಲು ಕರೋಡಗಿರಿಯವರೆಂಬ ಬೇರೊಂದು ಜಾತಿಯ ಅಧಿಕಾರಿಗಳು. ತಮಾಷೆಯೆಂದರೆ ಸಿರುಗುಪ್ಪದ ಕಡೆಯ ನಾವು ಈ ಪರದೇಶವನ್ನು ದಿನಾ ನೋಡಿಕೊಂಡೇ ಬೆಳೆದವರು. ಕೆಂಚನಗುಡ್ಡದ ಹತ್ತಿರ ಹೊಳೆಯ ದಂಡೆಗೆ ನಿಂತರೆ ಆಚೆ ದಡದ ತುಂಬ ಪರದೇಶವೇ. ಬೇಸಿಗೆಯಲ್ಲಿ ನಮ್ಮ ಎಮ್ಮೆಗಳು ಮಡುವಿನಲ್ಲಿ ಮಲಗಿ ಎದ್ದು, ಆಚೆ ದಡಕ್ಕೆ ಹೋಗಿ ನಿಜಾಮರ ಹುಲ್ಲು ಮೇದು, ಸಂಜೆಗೆ ಬ್ರಿಟಿಷರ ಸೀಮೆಗೆ ಬಂದು ಹಾಲು ಕೊಡುತ್ತಿದ್ದವು. ನಮ್ಮಜ್ಜಿ ಹರಿಗೋಲಿನಲ್ಲಿ ಕುಳಿತು ಆಚೆಯ ಸಂತೆಗೆ ಹೋಗಿ ಬರುತ್ತಿದ್ದಳು. ಎಮ್ಮೆಗೂ ಅಜ್ಜಿಗೂ ಭಯವಿರಲಿಲ್ಲ. ಇಬ್ಬರೂ ಹೈಸ್ಕೂಲು ಓದಿರಲಿಲ್ಲ. ನನಗೆ ಮಾತ್ರ, ಹರಿಗೋಲಾದರೆ ಅಂಬಿಗನಿಗೆ ಕೈಮುಗಿದು ಹಿಂದಕ್ಕೆ ತಿರುಗಿಸಬಹುದು, ರೈಲನ್ನು ಯಾರಿಗೆ ಕೈಮುಗಿದು ತಿರುಗಿಸಲಿ ಎಂಬ ಚಿಂತೆ.

ಈ ಚಿಂತೆಗೆ ನೀರು ಗೊಬ್ಬರ ಹಾಕಿ ಬೆಳೆಸಿದವನು ಕುರುಗೋಡಿನ ಸೋದರಮಾವ ಪಂಪಣ್ಣ. ಶೇಂಗಾ ವ್ಯಾಪಾರಿ, ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಮಾತು. ನಮ್ಮ ಬಳಗದಲ್ಲಿ ರೈಲಿನಲ್ಲಿ ಮೊಗಲಾಯಿಗೆ ಹೋಗಿ ಬಂದವನು ಅವನೊಬ್ಬನೇ. ಬಸವೇಶ್ವರನ ಗುಡಿಯ ಕಟ್ಟೆಗೆ ಕುಳಿತು ಅವನು ಆ ಪ್ರಯಾಣದ ಕಥೆ ಹೇಳತೊಡಗಿದರೆ ಸಂತೆಗೆ ಬಂದವರು ಸಂತೆ ಮರೆಯುತ್ತಿದ್ದರು. ಸೇತುವೆಯ ನಡುಮಧ್ಯೆ ರೈಲು ನಿಲ್ಲಿಸುತ್ತಾರೆ, ಹೆಸರು ಕೂಗುತ್ತಾರೆ, ಉರ್ದುವಿನಲ್ಲಿ ಜವಾಬು ಕೊಡದವನನ್ನು ಅಲ್ಲೇ ಇಳಿಸುತ್ತಾರೆ, ಅಲ್ಲಿನ ಗಡಿಯಾರವೂ ನಮ್ಮದರಂತೆ ತಿರುಗುವುದಿಲ್ಲ. ಯಾರಾದರೂ ಸಂಶಯದಿಂದ ಹುಬ್ಬೇರಿಸಿದರೆ ಮಾವ ಎಲೆ ಅಡಿಕೆಯ ಸಂಚಿ ಬಿಚ್ಚಿ, ಸುಣ್ಣದ ಡಬ್ಬಿಯ ಹಿಂದಿನಿಂದ ಒಂದು ರೈಲು ಟಿಕೆಟ್ಟು ತೆಗೆದು ತೋರಿಸುತ್ತಿದ್ದ. ಕೊಪ್ಪಳದ ಟಿಕೆಟ್ಟು. ತಂಬಾಕಿನ ವಾಸನೆ ಹಿಡಿದು, ಮೂಲೆ ಸವೆದು ದುಂಡಗಾಗಿತ್ತು. ಅದನ್ನು ಕೈಯಿಂದ ಕೈಗೆ ದಾಟಿಸಿ ಎಲ್ಲರೂ ನೋಡುತ್ತಿದ್ದರು. ಒಬ್ಬ ಮುದುಕಿ ಕಣ್ಣಿಗೆ ಒತ್ತಿಕೊಂಡದ್ದನ್ನೂ ನಾನು ಕಂಡಿದ್ದೇನೆ.

ಇಂಥ ನನಗೆ ಹಣೆಯಲ್ಲಿ ಬರೆದದ್ದು ಕೊಪ್ಪಳದ ಹೆಣ್ಣು. ಹುಡುಗಿಯ ಕಡೆಯವರು ಯಾವುದೋ ಹರಕೆಗೆ ಕುರುಗೋಡಿಗೆ ಬಂದಿದ್ದಾಗ ಮಾವನೇ ಮಾತು ನಡೆಸಿದ. ಹೆಣ್ಣಿನ ಮನೆ ನೋಡಿ ಬರುವುದು ಪದ್ಧತಿ. ಮಾವ ಮಾತ್ರ, ನಾನು ನೋಡಿದ ಊರೇ ಅದು, ಎರಡನೆಯ ಸಲ ನೋಡುವಂಥದು ಏನೂ ಇಲ್ಲ ಎಂದುಬಿಟ್ಟ. ಮದುವೆಯನ್ನೂ ಕುರುಗೋಡಿನ ಗುಡಿಯಲ್ಲೇ ಮುಗಿಸಿದೆವು. ಹೆಂಡತಿ ಗೌರಮ್ಮ ಆ ಸೇತುವೆ ದಾಟಿ ಬಂದವಳು. ಬಂದ ಮೇಲೂ ಹಬ್ಬ ಹುಣ್ಣಿಮೆಗೆ ತಮ್ಮನ ಜೊತೆ ದಾಟಿ ಹೋಗಿ, ದಾಟಿ ಬರುತ್ತಿದ್ದಳು. ಅಳಿಯನನ್ನು ಮೊದಲ ದೀಪಾವಳಿಗೆ ಕರೆದರು. ಜಿನ್ನಿನಲ್ಲಿ ರಜೆ ಇಲ್ಲವೆಂದೆ. ಯುಗಾದಿಗೆ ಕರೆದರು, ಹಲ್ಲುನೋವೆಂದೆ. ಅವಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋದಳು. ಹೆಣ್ಣು ಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ತಂದೆ ಇರಬೇಕೆಂದರು, ಜ್ವರವೆಂದೆ. ಗೌರಮ್ಮನ ತಂದೆ ಸ್ವಲ್ಪ ಕಾದು, ಅಪ್ಪನನ್ನು ತಡೆದ ಹೊಳೆಯ ಹೆಸರನ್ನೇ ಮಗುವಿಗೆ ಇಟ್ಟರಂತೆ. ಹೀಗೆ ನನ್ನ ಮಗಳು ತುಂಗಾ ಆದಳು.

ಬಾಣಂತಿಯನ್ನೂ ಕೂಸನ್ನೂ ಬೆಸ ತಿಂಗಳಲ್ಲಿ ಗಂಡ ಬಂದು ಕರೆದೊಯ್ಯಬೇಕು. ಮೂರು ಕಳೆದುಹೋಯಿತು. ಐದನೆಯದು ಮುಗಿಯುತ್ತ ಬಂತು. ಆರು ಸಮ ತಿಂಗಳು, ಕಳಿಸುವುದಿಲ್ಲ. ಏಳಕ್ಕೆ ಆಷಾಢ. ಅಲ್ಲಿಂದಾಚೆಗೆ ಊರವರು ಲೆಕ್ಕ ಹಾಕುವುದು ತಿಂಗಳನ್ನಲ್ಲ, ಗಂಡ ಬಿಟ್ಟ ದಿನಗಳನ್ನು. ಮೈದುನ ಚನ್ನಬಸವ ಬಳ್ಳಾರಿಗೆ ಬಂದು, ನಾನು ಕೊಟ್ಟ ಚಹಾ ಕುಡಿದು, ಲೋಟ ಕೆಳಗಿಟ್ಟು, ತಂದೆ ಹೇಳಿಕಳಿಸಿದ ಮಾತನ್ನು ಒಪ್ಪಿಸಿದ. “ಹೊಳಿ ದಾಟಾಕ ಆಗದಾಂವ ಸಂಸಾರ ಹೆಂಗ ದಾಟಸ್ತಾನ ಕೇಳಿಕೊಂಡು ಬಾ ಅಂದಾರ್ರಿ ಬಾವಾ.” ಅಕ್ಕ ಏನೆಂದಳು ಎಂದು ಕೇಳಿದೆ. “ಅಕ್ಕ ಏನೂ ಅನ್ನಲಿಲ್ಲ. ಅಳಾಕ ಹತ್ತಿದ್ಲು,” ಎಂದು ಅವನು ಚಪ್ಪಲಿ ಮೆಟ್ಟಿದ. ಗೌರಮ್ಮ ಜಗಳವಾಡುವವಳು, ಅಳುವವಳಲ್ಲ.

ಹೋಗಲು ನಿರ್ಧರಿಸಿದೆ. ಸುದ್ದಿ ತಿಳಿದು ಪಂಪಣ್ಣ ಮಾವ ಕುರುಗೋಡಿನಿಂದ ಬಂದಿಳಿದ, ಅಳಿಯನನ್ನು ಪರದೇಶಕ್ಕೆ ಸಜ್ಜು ಮಾಡಲು. ಸ್ಟೇಷನ್ನಿನ ಮುಂದಿನ ಜಟಕಾ ಹುಸೇನ್ ಸಾಬರಿಂದ ನಾಲ್ಕು ಉರ್ದು ಮಾತು ಕಲಿಸಿದ. ಹೆಂಡತಿಗೆಂದು ತೆಗೆದಿಟ್ಟಿದ್ದ ಎರಡು ಹೊಸ ಇಳಕಲ್ ಸೀರೆ ನೋಡಿ ತಲೆ ಅಲ್ಲಾಡಿಸಿದ. “ಗಂಟಿನ್ಯಾಗ ಕಂಡ್ರ ಸುಂಕ ಹಾಕ್ತಾರ ಲೇ ಅಳಿಯಾ. ಮೈಮ್ಯಾಲಿಂದಕ್ಕ ಹಾಕಂಗಿಲ್ಲ,” ಎಂದು ಎರಡನ್ನೂ ನನ್ನ ಸೊಂಟಕ್ಕೆ ಬಿಗಿಯಾಗಿ ಸುತ್ತಿ, ಮೇಲೆ ಅಂಗಿ, ಅದರ ಮೇಲೆ ಕರಿಯ ಕೋಟು ತೊಡಿಸಿದ. ಕೂಸಿನ ಬೆಳ್ಳಿಯ ಕಾಲ್ಗೆಜ್ಜೆ ನನ್ನ ರುಮಾಲಿನ ಸುತ್ತುಗಳೊಳಗೆ ಸೇರಿತು. ನಾನು ತಲೆಯಾಡಿಸಿದರೆ ರುಮಾಲು ಘಲ್ ಎನ್ನುತ್ತಿತ್ತು. ಆದ್ದರಿಂದ ಯಾರು ಏನು ಕೇಳಿದರೂ ಹೌದು ಅಲ್ಲ ಎನ್ನಲು ತಲೆ ಬಳಸಕೂಡದೆಂದು ಮಾವ ಎಚ್ಚರಿಸಿದ. ಅಷ್ಟರ ಮಟ್ಟಿಗೆ ನಾನು ಆಗಲೂ ತಲೆ ಬಳಸುತ್ತಿರಲಿಲ್ಲ.

ಬಳ್ಳಾರಿಯ ಬೇಸಿಗೆ ನಿಮಗೆ ಗೊತ್ತಿದೆ. ಎರಡು ಸೀರೆ ಸುತ್ತಿಕೊಂಡು ಮೂರನೆಯ ದರ್ಜೆಯಲ್ಲಿ ಕುಳಿತವನ ಬೇಸಿಗೆ ಗೊತ್ತಿರಲಾರದು. ಎಂಜಿನ್ನಿಗೆ ಬೆನ್ನು ಮಾಡಿ ಕುಳಿತಿದ್ದೆ. ಎದುರಿಗೆ ಖಾಲಿ ಮೆಣಸಿನಕಾಯಿ ಬುಟ್ಟಿ ಮಡಿಲಲ್ಲಿಟ್ಟುಕೊಂಡು ದಪ್ಪನೆಯ ಹೆಂಗಸೊಬ್ಬಳು. ಕೊಪ್ಪಳದವಳು, ಬಳ್ಳಾರಿಯಲ್ಲಿ ಮೆಣಸಿನಕಾಯಿ ಮಾರಿ ಊರಿಗೆ ಹೊರಟಿದ್ದಳು. ಹೊಸಪೇಟೆ ಹತ್ತಿರವಾಗುತ್ತಿದ್ದಂತೆ ನಾನು ಗಂಟಲು ಸರಿಮಾಡಿಕೊಂಡು ಕೇಳಿದೆ, “ಹೊಸಪೇಟ್ಯಾಗ ಮೊಗಲಾಯಿ ರೈಲು ಯಾವ ಕಡಿಗೆ ನಿಂತಿರತೈತವ್ವಾ?”

“ಯಾವ ರೈಲಪ್ಪಾ?”

“ಆ ಸೀಮಿಗೆ ಹೋಗೂ ರೈಲು.”

“ಇದ ಹೋಗತೈತಲ್ಲ. ಮತ್ತ ನೀ ಹೊಳ್ಯಾಗ ಇಳದು ಈಜಿಕೊಂತ ಹೋಗೂದು ಮಾಡಿದ್ದೇನು?”

ಇದೇ ಗಾಡಿ. ದಿನಾ ಬೆಳಿಗ್ಗೆ ನನ್ನ ಮನೆಯ ಹಿಂದೆ ಕೂಗುತ್ತಿದ್ದ ಗಾಡಿ. ಅದರ ಕೂಗು ಕೇಳಿ ನಾನು ಸ್ನಾನಕ್ಕೆ ಏಳುತ್ತಿದ್ದೆ, ಅದರ ಮಸಿ ಬಿದ್ದು ನನ್ನ ಧೋತರ ಕಪ್ಪಾಗುತ್ತಿತ್ತು. ಪರದೇಶದ ರೈಲೆಂದರೆ ಹೊಸಪೇಟೆಯಲ್ಲಿ ನಮ್ಮ ರೈಲಿನಿಂದ ಇಳಿಸಿ, ಬೇರೆ ಬಣ್ಣದ, ಬೇರೆ ರೀತಿ ಕೂಗುವ ಯಾವುದೋ ಗಾಡಿಗೆ ಹತ್ತಿಸುತ್ತಾರೆಂದು ಇಷ್ಟು ವರ್ಷ ನಂಬಿದ್ದೆ, ನಂಬಿಸಿಯೂ ಇದ್ದೆ. ಸೇತುವೆಯ ಮೇಲೆ ಹೆಸರು ಕೂಗುತ್ತಾರಾ ಎಂದು ಮೆಲ್ಲಗೆ ವಿಚಾರಿಸಿದೆ. ಅವಳಿಗೆ ಅದು ತಿಳಿಯದು. ಸೇತುವೆಯ ಹತ್ತಿರ ತಂಪು ಗಾಳಿ ಬೀಸುವುದರಿಂದ ಅಲ್ಲಿ ತನಗೆ ಯಾವಾಗಲೂ ನಿದ್ದೆ ಹತ್ತಿಬಿಡುತ್ತದೆಯಂತೆ. ನಾನು ಮರೆತು ತಲೆಯಾಡಿಸಿದೆ. ರುಮಾಲು ಘಲ್ ಎಂದಿತು. ಅವಳು ನನ್ನ ತಲೆಯನ್ನು ಒಂದು ಕ್ಷಣ ನೋಡಿ, ಬುಟ್ಟಿಯನ್ನು ಸ್ವಲ್ಪ ಆಚೆಗೆ ಸರಿಸಿಕೊಂಡಳು.

ಹೊಸಪೇಟೆಯಲ್ಲಿ ಎದುರಿನ ಗಾಡಿ ಬರುವತನಕ ನಮ್ಮದು ನಿಲ್ಲಬೇಕಿತ್ತು. ಒಂದೇ ಹಳಿಯ ದಾರಿ. ನೀರು ಕುಡಿಯುವ ನೆಪದಲ್ಲಿ ಕೆಳಗಿಳಿದೆ. ನಿಜ ಹೇಳುತ್ತೇನೆ, ಇಳಿದದ್ದು ಮತ್ತೆ ಹತ್ತುವ ಉದ್ದೇಶದಿಂದಲ್ಲ. ಗಾಡಿ ತಪ್ಪಿತು ಎಂದರೆ ಯಾರೂ ಬೈಯುವುದಿಲ್ಲ. ಗಾಡಿ ತಪ್ಪುವುದು ಗೌರವಸ್ಥರಿಗೂ ಆಗುವಂಥದು. ನಲ್ಲಿಯ ಕೆಳಗೆ ಬೊಗಸೆಯೊಡ್ಡಿ ನಿಂತವನಿಗೆ ಗೌರಮ್ಮ ಅಳಲು ಹತ್ತಿದ್ದಳೆಂಬ ಮಾತು ನೆನಪಾಯಿತು. ಅವಳ ಅಳು ಹೇಗಿರುತ್ತದೆಂದು ಊಹಿಸಲು ನೋಡಿದೆ, ಸಾಧ್ಯವಾಗಲಿಲ್ಲ. ಬೊಗಸೆಯ ನೀರು ಚೆಲ್ಲಿ ಹೋಗಿ ಗಾಡಿ ಹತ್ತಿದೆ. ಅಷ್ಟೇ ಅಲ್ಲ, ಈ ಸಲ ಎಂಜಿನ್ನಿಗೆ ಮುಖ ಮಾಡಿ, ಆ ಹೆಂಗಸಿನ ಪಕ್ಕದಲ್ಲೇ ಕಿಟಕಿಗೆ ಕುಳಿತೆ. ಬರಲಿ ಸೇತುವೆ, ಕೂಗಲಿ ಹೆಸರು ಎಂದುಕೊಂಡೆ. ನನ್ನ ಆಯುಷ್ಯದಲ್ಲಿ ಧೈರ್ಯವೆಂಬುದನ್ನು ನಾನು ಕಂಡದ್ದು ಆ ಐದಾರು ನಿಮಿಷ.

ಅಷ್ಟರಲ್ಲಿ ಗದಗಿನ ಕಡೆಯ ಗಾಡಿ ಬಂದು ಪಕ್ಕದ ಹಳಿಯ ಮೇಲೆ ನಿಂತಿತು. ನನ್ನ ಕಿಟಕಿಯ ಎದುರಿಗೇ ಒಂದು ಕಿಟಕಿ. ಅದರಲ್ಲಿ ಗೌರಮ್ಮ. ಅವಳ ಮಡಿಲಲ್ಲಿ ಕುಲಾವಿ ತೊಟ್ಟ ಕೂಸು, ಪಕ್ಕದಲ್ಲಿ ಚನ್ನಬಸವ. ಅವಳೂ ನಾನೂ ಒಬ್ಬರನ್ನೊಬ್ಬರು ನೋಡುತ್ತ ಕುಳಿತೆವು. ಮದುವೆಯ ಅಂತರಪಟ ಸರಿದಾಗಲೂ ನಾವು ಹಾಗೆ ನೋಡಿರಲಿಲ್ಲ.

“ಖರೇನ ಬಂದೀರಿ?” ಎಂದಳು. ದನಿ ಸಣ್ಣದಾಗಿತ್ತು.

“ನಿನ್ನ ಕರಕೊಂಡು ಬರಾಕ ಹೊಂಟಿದ್ದೆ. ನೀ ಯಾಕ ಬಂದಿ?”

“ನಿಮ್ಮ ದಾರಿ ನೋಡಿಕೊಂತ ಕುಂತಿದ್ರ ಕೂಸು ತಾನ ನಡಕೊಂತ ಬರತಿತ್ತು.” ಆಮೇಲೆ ತಮ್ಮನಿಗೆ ಕೇಳದಂತೆ ಮುಂದೆ ಬಾಗಿ, “ನೀವು ಹೊಸಪೇಟ್ಯಾಗ ಬಂದು ನಿಂತಿರತೀರಿ ಅಂತ ಅಪ್ಪಗ ಸುಳ್ಳು ಹೇಳಿ ಬಂದೀನ್ರಿ. ಇಲ್ಲಿ ನೀವು ಕಾಣದಿದ್ರ ಇವಗ ಏನು ಹೇಳ್ಲಿ ಅಂತ ದಾರಿತುಂಬ ಅದ ಚಿಂತಿ,” ಎಂದಳು. ಸೆರಗಿನಿಂದ ಮೂಗು ಒರೆಸಿಕೊಂಡು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದಳು. ಹಳೆಯ ಗೌರಮ್ಮ ವಾಪಸು ಬಂದಳು. “ಹಡದಾಕಿ ನಾನು. ಹೊಟ್ಟಿ ನಿಮಗ ಹೆಂಗ ಬಂತು?”

ನನ್ನ ಗಾಡಿ ಹೊರಡುವ ಗಂಟೆ ಬಾರಿಸಿದರು. ಪ್ಲಾಟ್‌ಫಾರಮ್ಮಿಗೆ ಇಳಿದು ಸುತ್ತಿ ಬರಲು ಪುರಸತ್ತಿಲ್ಲ. ಈಚೆ ಬಾಗಿಲು ತೆಗೆದು ಎರಡು ಗಾಡಿಗಳ ನಡುವೆ ಹಾರಿದೆ. ಸೊಂಟದ ಸೀರೆಯ ತುದಿ ಬಾಗಿಲಿನ ಕೊಕ್ಕೆಗೆ ಸಿಕ್ಕಿತ್ತು. ನಾನು ಓಡಿದಷ್ಟೂ ಅದು ಬಿಚ್ಚಿಕೊಂಡಿತು. ಮೆಣಸಿನಕಾಯಿಯ ಹೆಂಗಸು ಎದ್ದು ಬಂದು ಸೀರೆಯನ್ನು ಕೊಕ್ಕೆಯಿಂದ ಬಿಡಿಸಿ, “ತಗೋಳಪ್ಪಾ, ನಿನ್ನ ಸೆರಗು,” ಎಂದು ನನ್ನತ್ತ ಎಸೆದಳು. ಎರಡೂ ಗಾಡಿಗಳ ಕಿಟಕಿಗಳ ತುಂಬ ಮುಖಗಳಿದ್ದವು. ಕರೋಡಗಿರಿಯವರ ಕಣ್ಣಿಗೆ ಬೀಳಬಾರದೆಂದು ಸುತ್ತಿದ್ದ ಸೀರೆಯನ್ನು ನೋಡದೆ ಉಳಿದವರು ಪ್ರಾಯಶಃ ಕರೋಡಗಿರಿಯವರು ಮಾತ್ರ. ಚನ್ನಬಸವ, ಬಾವ ಬಾರದಿದ್ದರೆ ಬೇಕಾದೀತೆಂದು ಬಳ್ಳಾರಿಯ ತನಕ ತೆಗೆಸಿದ್ದ ತನ್ನ ಹೋಗಿಬರುವ ಟಿಕೆಟ್ಟಿನ ಅರ್ಧವನ್ನು ನನಗೆ ಕೊಟ್ಟು, ನಗು ತಡೆಯಲಾರದೆ ಕೆಮ್ಮುತ್ತ, ನಾನು ಬಿಟ್ಟ ಗಾಡಿಗೆ ಹಾರಿ ಊರಿಗೆ ಹೋದ. ನನ್ನ ಧೈರ್ಯ ಸೇತುವೆಯ ಕಡೆಗೆ ಹೊರಟುಹೋಯಿತು. ನಾನು ಬಳ್ಳಾರಿಯ ಕಡೆಗೆ ಬಂದೆ. ದಾರಿಯುದ್ದಕ್ಕೂ ರುಮಾಲು ಆಡಿಸಿ ಘಲ್ ಎನಿಸಿ ಮಗಳನ್ನು ನಗಿಸಿದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಪಶ್ಚಾತ್ತಾಪ ಪಡುವ ಅಗತ್ಯವಿರಲಿಲ್ಲ. ಕೆಲವು ದಿನಗಳ ಮೇಲೆ ಪಂಪಣ್ಣ ಮಾವ ಕೂಸು ನೋಡಲು ಬಂದ. ಜೊತೆಗೆ ಸಿರುಗುಪ್ಪದಿಂದಲೂ ನಾಲ್ಕು ಜನ. ಹೋಗಿ ಬಂದೆಯಾ ಎಂದು ಮಾವ ಕೇಳಿದ. ಹೋಗಿ ಬಂದೆ ಎಂದೆ. ಅದು ಸುಳ್ಳಲ್ಲ; ಹೊಸಪೇಟೆಯ ತನಕ ಹೋಗಿ ಬಂದಿದ್ದೆ. ಆದರೆ ಎಲ್ಲರೂ ಹತ್ತಿರ ಸರಿದು ಕುಳಿತರು ನೋಡಿ, ನಾಲಗೆ ನನ್ನ ಮಾತು ಕೇಳಲಿಲ್ಲ. ಸೇತುವೆಯ ನಡುವೆ ಗಾಡಿ ನಿಂತಿತು ಎಂದೆ. ಹೆಸರು ಕೂಗಿದರು ಎಂದೆ. ಉರ್ದುವಿನಲ್ಲಿ ಜವಾಬು ಕೊಟ್ಟೆ ಎಂದೆ. ಸಾಲದೆಂದು, ಕೊಪ್ಪಳದ ಸ್ಟೇಷನ್ನಿನ ಬಾಗಿಲಲ್ಲಿ ಆಳೆತ್ತರದ ಹಿತ್ತಾಳೆಯ ಗಂಟೆ ಇದೆ, ಬಂದವರೆಲ್ಲ ಅದನ್ನು ಬಾರಿಸಿಯೇ ಒಳಗೆ ಹೋಗಬೇಕು ಎಂದೆ. ಈ ಗಂಟೆ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಹುಟ್ಟಿದ್ದು. ಮಾವ ಮೀಸೆ ನೀವಿ, “ಆ ಗಂಟಿ ಇನ್ನಾ ಐತೇನು? ನಾ ಹೋದಾಗ ಒಂದೀಟು ಸೀಳಿತ್ತು,” ಎಂದ. ಸಿರುಗುಪ್ಪದವರು ತಲೆದೂಗಿದರು. ನಾನು ಉಮೇದಿನಲ್ಲಿ ಕೋಟಿನ ಜೇಬಿನಿಂದ ನನ್ನ ಕೊಪ್ಪಳದ ಟಿಕೆಟ್ಟು ತೆಗೆದು ಮುಂದಿಟ್ಟೆ. ಮಾವ ಸಂಚಿ ಬಿಚ್ಚಿ ತನ್ನದನ್ನು ಅದರ ಪಕ್ಕಕ್ಕೆ ಇಟ್ಟ. ಎರಡು ಟಿಕೆಟ್ಟುಗಳು ತಾಳಿ ಕಟ್ಟಲು ಕೂರಿಸಿದ ವಧೂವರರಂತೆ ಕುಳಿತವು.

ಗೌರಮ್ಮ ಎಲ್ಲರಿಗೂ ಅಂಟಿನ ಉಂಡೆ ತಂದಳು. ಬಗ್ಗಿ ಟಿಕೆಟ್ಟು ನೋಡಿದಳು. “ಅಲ್ರಿ ಮಾವಾರ, ನಮ್ಮೂರಾಗ ಗೇಟಿನ್ಯಾಗ ಟಿಕೀಟು ಇಸಗೊಳ್ಳದ ಹೊರಗ ಬಿಡಂಗಿಲ್ಲ. ನಿಮಗ ಹೆಂಗ ಬಿಟ್ರು?”

ಮಾವ ಉಂಡೆಯ ಕಡೆ ನೋಡಿದ, ಮೇಲೆ ಜಂತಿಯ ಕಡೆ ನೋಡಿದ, ಕೊನೆಗೆ, “ಆಗಿನ ಕಾಲದಾಗ ಬಿಡತಿದ್ರವ್ವಾ,” ಎಂದ.

“ಇವರಿಗೆ?”

“ನನ್ನ ಅಳಿಯ ಅಂತ ಹೇಳಿರತಾನ. ಬಿಟ್ಟಿರತಾರ.”

ಊರು ಮುಟ್ಟಿದವನ ಕೈಯಲ್ಲಿ ಟಿಕೆಟ್ಟು ಉಳಿಯುವುದಿಲ್ಲ, ಉಳಿದಿದೆಯೆಂದರೆ ಮುಟ್ಟಿಲ್ಲ. ಇಷ್ಟು ಸಣ್ಣ ಮಾತು ಕುರುಗೋಡು, ಸಿರುಗುಪ್ಪ ಎರಡೂ ಕಡೆ ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ, ಏಕೆಂದರೆ ಯಾರೂ ಹೋಗಿರಲಿಲ್ಲ. ಮಾವ ಹೊಸಪೇಟೆಯಲ್ಲಿ ಇಳಿದನೋ, ಬಳ್ಳಾರಿಯಲ್ಲೇ ಉಳಿದನೋ ನಾನು ಕೇಳಲಿಲ್ಲ. ಅವನೂ ನನ್ನನ್ನು ಕೇಳಲಿಲ್ಲ. ಇಬ್ಬರೂ ಟಿಕೆಟ್ಟುಗಳನ್ನು ಎತ್ತಿಟ್ಟುಕೊಂಡು ಅಂಟಿನ ಉಂಡೆಯ ಗುಣಗಾನ ಮಾಡತೊಡಗಿದೆವು. ಸಿರುಗುಪ್ಪದವರು ಮಾತ್ರ ಊರಿಗೆ ಹೋಗಿ, ಮಾವ ಅಳಿಯ ಇಬ್ಬರಿಗೂ ನಿಜಾಮರ ಸೀಮೆಯಲ್ಲಿ ಎಷ್ಟು ಮರ್ಯಾದೆ ಎಂದರೆ ಅವರ ಟಿಕೆಟ್ಟನ್ನೇ ಕೇಳುವುದಿಲ್ಲ ಎಂದು ಹಬ್ಬಿಸಿದರು. ಪರದೇಶದ ಪಾಠಕ್ಕೆ ನನ್ನಲ್ಲಿ ಬರುವವರು ಇನ್ನೂ ಹೆಚ್ಚಾದರು. ನಾನು ಹೇಳಿಕೊಟ್ಟೆ. ಗಂಟೆಯನ್ನೂ ಬಿಡಲಿಲ್ಲ.

ಸ್ವಾತಂತ್ರ್ಯ ಬಂತು. ಮರುವರ್ಷ ನಿಜಾಮರ ಸೀಮೆಯೂ ನಮ್ಮದೇ ದೇಶವಾಯಿತು. ಐವತ್ತರ ಆಚೀಚೆ ಚನ್ನಬಸವನ ಮದುವೆ ಕೊಪ್ಪಳದಲ್ಲಿ ಗೊತ್ತಾದಾಗ ನೆಪ ಹೇಳಲು ನಮಗೆ ಪರದೇಶವೇ ಉಳಿದಿರಲಿಲ್ಲ. ಪಂಪಣ್ಣ ಮಾವನೂ ನಾನೂ ಎದುರುಬದುರು ಕುಳಿತೆವು, ಇಬ್ಬರೂ ಎಂಜಿನ್ನಿಗೆ ಬೆನ್ನು ಮಾಡಲಾಗದೆ ಸ್ವಲ್ಪ ಹೊತ್ತು ಜಗಳವಾಡಿ. ಸೇತುವೆ ಬಂತು. ಮಾವ ಉಸಿರು ಬಿಗಿಹಿಡಿದದ್ದು ಕಂಡಿತು. ಅದು ನನ್ನದೇ ಪಾಠ. ತುಂಗಾ ತಾಯಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಐದು ತಿಂಗಳ ಕೂಸಾಗಿದ್ದಾಗಲೂ ಈ ಹೊಳೆಯನ್ನು ಹೀಗೇ ನಿದ್ದೆಯಲ್ಲೇ ದಾಟಿದವಳು ಅವಳು. ಗಾಡಿ ಎಲ್ಲೂ ನಿಲ್ಲಲಿಲ್ಲ, ಯಾರೂ ಹೆಸರು ಕೂಗಲಿಲ್ಲ. ಕೊಪ್ಪಳದ ಗೇಟಿನಲ್ಲಿ ಗಂಟೆ ಇರಲಿಲ್ಲ. ಬಿಳಿಯ ಕೋಟಿನ ಒಬ್ಬ ಮನುಷ್ಯ ಇದ್ದ. ಕೈ ಚಾಚಿದ. ಮಾವ ಟಿಕೆಟ್ಟನ್ನು ಮುಷ್ಟಿಯಲ್ಲಿ ಹಿಡಿದು ಸ್ವಲ್ಪ ತಡೆದ, ಹಿಂದಿನವರು ನೂಕಿದರು, ಕೊಟ್ಟುಬಿಟ್ಟ. ನಾನೂ ಕೊಟ್ಟೆ. ಹೊರಗೆ ಬಂದು ಮಾವ ನನ್ನ ಕಿವಿಯಲ್ಲಿ, “ಖರೇವಂದ್ರೂ ಇಸಗೊಂಡ ಬಿಟ್ನಲ್ಲ ಲೇ ಅಳಿಯಾ,” ಎಂದ.

ಹೀಗಾಗಿ ನಾನು ಕೊಪ್ಪಳಕ್ಕೆ ಹೋದದ್ದಕ್ಕೆ ಯಾವ ಸಾಕ್ಷಿಯೂ ಇಲ್ಲ. ಹೋಗದೆ ಇದ್ದದ್ದಕ್ಕೆ ಮಾತ್ರ ಪೆಟ್ಟಿಗೆಯಲ್ಲಿ ಒಂದು ಟಿಕೆಟ್ಟು ಭದ್ರವಾಗಿದೆ. ಮೊನ್ನೆ ಪಕ್ಕದ ಮನೆಯ ನಿವೃತ್ತ ಮೇಷ್ಟರು ಬಂದಿದ್ದರು. ಯಾರ ಜೊತೆಯಲ್ಲೋ ಜಪಾನು ನೋಡಲು ಹೊರಟಿದ್ದಾರಂತೆ. ವಿಮಾನದ ಅಂಜಿಕೆ ಇಲ್ಲ, ಅಲ್ಲಿನ ರೈಲಿನದೇ ಅಂಜಿಕೆ. ನೀವು ಹಿಂದೆ ಪರದೇಶದಲ್ಲೆಲ್ಲ ಓಡಾಡಿದವರು, ಒಂದೆರಡು ಮಾತು ಹೇಳಿ ಎಂದರು. ಈ ಬರಹದ ಮೊದಲ ಪುಟ ಆಗಲೇ ಬರೆದು ಮೇಜಿನ ಮೇಲಿಟ್ಟಿದ್ದೆ. ಅದನ್ನೇ ಅವರ ಕೈಗೆ ಕೊಟ್ಟಿದ್ದರೆ ಸಾಕಾಗುತ್ತಿತ್ತು. ಒಳಗಿನಿಂದ ಗೌರಮ್ಮ, “ಟಿಕೀಟು ತೋರಸ್ರಿ ಅವರಿಗೆ,” ಎಂದಳು.

ಟಿಕೆಟ್ಟು ತೋರಿಸಲಿಲ್ಲ. ಅಷ್ಟರಮಟ್ಟಿಗೆ ನಾನು ಸುಧಾರಿಸಿದ್ದೇನೆ. ಎಂಜಿನ್ನಿಗೆ ಬೆನ್ನು ಮಾಡಿ ಕೂಡಲು ಮಾತ್ರ ಹೇಳಿ ಕಳಿಸಿದೆ.